ಹೊಲದ ಜೋಳ, ಮನೆಯ ಸೊಪ್ಪು ತಿಂದರೂ ಅವ್ವನಿಗೆ ವಿಟಮಿನ್ ಕೊರತೆ ಏಕೆ?

ಪ್ರಶ್ನೆ: ನಮ್ಮದು ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ. ಅವ್ವನಿಗೆ 52 ವರ್ಷ. ಒಂದು ವರ್ಷದಿಂದ ವಿಪರೀತ ಸುಸ್ತು, ನಾಲಿಗೆ ಉರಿ, ಪಾದಗಳಲ್ಲಿ ಜುಮುಜುಮು. ಸಕ್ಕರೆ ಕಾಯಿಲೆಗೆ ಆರೇಳು ವರ್ಷದಿಂದ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಾಳೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆ ತಿಂದರೂ ಗುಣ ಕಾಣಲಿಲ್ಲ. ಊರ ಡಾಕ್ಟರು ಹೋದಾಗಲೆಲ್ಲ ಗ್ಲೂಕೋಸ್ ಬಾಟ್ಲಿ ಏರಿಸಿ, ಕೆಂಪು ಬಣ್ಣದ ಶಕ್ತಿ ಇಂಜೆಕ್ಷನ್ ಕೊಡುತ್ತಾರೆ. ನಾಲ್ಕು ದಿನ ಚಲೋ ಇರುತ್ತಾಳೆ, ಮತ್ತೆ ಅದೇ. ದೊಡ್ಡ ಆಸ್ಪತ್ರೆಯಲ್ಲಿ ‘ವಿಟಮಿನ್ ಕಡಿಮೆ ಇರಬಹುದು’ ಎಂದರು. ನಾವು ಹೊಲದ ಜೋಳದ ರೊಟ್ಟಿ, ಬೇಳೆ, ಪುಂಡಿ ಪಲ್ಯ ತಿನ್ನುವವರು. ಮಾಂಸ, ಮೊಟ್ಟೆ ಇಲ್ಲ. ಎರಡು ಎಮ್ಮೆ ಇವೆ, ಹಾಲು ಡೇರಿಗೆ ಹಾಕುತ್ತೇವೆ. ತಂಗಿ ಈಗ 5 ತಿಂಗಳ ಬಸುರಿ. ಅಣ್ಣನ ಮಕ್ಕಳಿಬ್ಬರಿಗೆ (3 ವರ್ಷ, 7 ವರ್ಷ) ಬಾಯಿಯ ಮೂಲೆ ಒಡೆಯುತ್ತಿರುತ್ತದೆ. ಇಷ್ಟು ಒಳ್ಳೆಯ ಊಟ ಮಾಡಿದರೂ ಕೊರತೆ ಯಾಕೆ? ಯಾವ ಟಾನಿಕ್ ತರಲಿ?

ಉತ್ತರ: ಟಾನಿಕ್ ಸದ್ಯಕ್ಕೆ ಬೇಡ. ಅದಕ್ಕೆ ಕೊಡುವ ದುಡ್ಡನ್ನು ಎರಡು ರಕ್ತ ಪರೀಕ್ಷೆಗೆ ಇಟ್ಟುಕೊಳ್ಳಿ. ಯಾವ ಪರೀಕ್ಷೆ ಎಂದು ಮುಂದೆ ಹೇಳುತ್ತೇನೆ.

ನಿಮ್ಮ ಊಟ ಒಳ್ಳೆಯದೇ. ಜೋಳ, ಬೇಳೆ, ಪುಂಡಿ ಪಲ್ಯ ಬಿಡಬೇಕಾಗಿಲ್ಲ. ಆದರೆ ವಿಟಮಿನ್ ಅಂದರೆ ಒಂದೇ ವಸ್ತು ಅಲ್ಲ. ಎ, ಸಿ, ಡಿ, ಇ, ಕೆ, ಜೊತೆಗೆ ಬಿ ಗುಂಪಿನವೇ ಎಂಟು. ಒಂದೊಂದರ ಕೆಲಸ ಬೇರೆ, ಸಿಗುವ ಜಾಗವೂ ಬೇರೆ. ಒಂದು ಹೇರಳವಾಗಿ ಸಿಕ್ಕರೂ ಇನ್ನೊಂದರ ಕೊರತೆ ತುಂಬುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಎಲ್ಲವನ್ನೂ ‘ಶಕ್ತಿ ಇಲ್ಲ’ ಎಂಬ ಒಂದೇ ಮಾತಿಗೆ ಇಳಿಸಿ, ಎಲ್ಲದಕ್ಕೂ ಒಂದೇ ಸೂಜಿ ಚುಚ್ಚುತ್ತೇವೆ. ನನಗೆ ಹೆಚ್ಚು ಸಂಕಟ ಆಗುವುದು ಇಲ್ಲೇ. ನಿಮ್ಮ ಅವ್ವನಿಗೆ ಯಾವ ವಿಟಮಿನ್ ಕಡಿಮೆ ಎಂದು ಒಂದು ವರ್ಷದಲ್ಲಿ ಯಾರೂ ನೋಡಿಲ್ಲ.

ನೀವು ಬರೆದ ಲಕ್ಷಣ ನೋಡಿದರೆ ನನ್ನ ಮೊದಲ ಅನುಮಾನ ಬಿ-12 ಮೇಲೆ. ಸುಸ್ತು ಮಾತ್ರ ಇದ್ದಿದ್ದರೆ ಕಬ್ಬಿಣದ ಕೊರತೆ ಅನ್ನಬಹುದಿತ್ತು. ಆದರೆ ಪಾದದ ಜುಮುಜುಮು ನರದ ಸಮಸ್ಯೆ. ಕಬ್ಬಿಣ ಕಡಿಮೆಯಾದರೆ ಸಾಮಾನ್ಯವಾಗಿ ಹೀಗೆ ಆಗುವುದಿಲ್ಲ. ನಾಲಿಗೆ ಉರಿ, ನಾಲಿಗೆ ನುಣ್ಣಗೆ ಕೆಂಪಗೆ ಆಗುವುದು ಬಿ-12 ಕೊರತೆಯಲ್ಲಿ ಸಾಮಾನ್ಯ. ಅವರ ಕೈಬೆರಳ ಗೆಣ್ಣುಗಳನ್ನು ಒಮ್ಮೆ ನೋಡಿ. ಮೊದಲಿಗಿಂತ ಕಪ್ಪಾಗಿವೆಯೇ? ನಮ್ಮ ಕಡೆಯ ಜನರಲ್ಲಿ ಬಿ-12 ಕಡಿಮೆಯಾದಾಗ ಗೆಣ್ಣಿನ ಮೇಲಿನ ಚರ್ಮ ಕಪ್ಪಾಗುವುದನ್ನು ವೈದ್ಯರು ಆಗಾಗ ಕಾಣುತ್ತೇವೆ. ಮನೆಯವರು ‘ಬಿಸಿಲಿಗೆ’ ಎಂದು ಸುಮ್ಮನಾಗಿಬಿಡುತ್ತಾರೆ.

ಮೆಟ್‌ಫಾರ್ಮಿನ್ ವಿಷಯ ಬರೆದದ್ದು ತುಂಬಾ ಒಳ್ಳೆಯದಾಯಿತು. ವರ್ಷಗಟ್ಟಲೆ ತಗೊಂಡಾಗ ಆ ಮಾತ್ರೆ ಕರುಳು ಬಿ-12 ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಗ್ಯಾಸ್ಟ್ರಿಕ್‌ಗೆ ಅಂತ ದಿನಾ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳೂ ಹಾಗೇ ಮಾಡುತ್ತವೆ. ಅವ್ವ ಅದನ್ನೂ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಹಾಗಂತ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ. ಅದು ಒಳ್ಳೆಯ ಮಾತ್ರೆ. ಬಿ-12 ಬೇರೆ ಕೊಟ್ಟರೆ ಆಯಿತು. ಸಕ್ಕರೆ ಕಾಯಿಲೆಯಿಂದಲೂ ಪಾದ ಜೋಮು ಹಿಡಿಯುತ್ತದೆ, ಥೈರಾಯ್ಡ್ ಕಡಿಮೆಯಾದರೂ ಹಿಡಿಯುತ್ತದೆ. ಅದಕ್ಕೇ ಊಹೆಯ ಮೇಲೆ ನಿಲ್ಲಬಾರದು ಅನ್ನುವುದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇಷ್ಟು ಸೊಪ್ಪು, ಕಾಳು ತಿನ್ನುವ ಮನೆಯಲ್ಲಿ ಬಿ-12 ಯಾಕಿಲ್ಲ?

ಯಾಕೆಂದರೆ ಬಿ-12 ಯಾವ ಸೊಪ್ಪಿನಲ್ಲೂ ಇಲ್ಲ, ಯಾವ ಕಾಳಿನಲ್ಲೂ ಇಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ ಮಾತ್ರ. ಎಮ್ಮೆ, ಹಸುಗಳ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಮೇವಿನಲ್ಲಿರುವ ಕೋಬಾಲ್ಟ್ ಎಂಬ ಖನಿಜ ಬಳಸಿ ಬಿ-12 ಮಾಡುತ್ತವೆ. ಅದು ಹಾಲಿಗೆ, ಮಾಂಸಕ್ಕೆ ಬರುತ್ತದೆ. ಮೊಟ್ಟೆ, ಮೀನಿನಲ್ಲೂ ಇರುತ್ತದೆ. ಜೋಳ, ರಾಗಿ, ತೊಗರಿ, ನುಗ್ಗೆ ಸೊಪ್ಪು, ಪುಂಡಿ, ಮೆಂತ್ಯ, ಹಣ್ಣು ಯಾವುದರಲ್ಲೂ ಲೆಕ್ಕಕ್ಕೆ ಬರುವಷ್ಟು ಇಲ್ಲ. ಹಿಟ್ಟು ಹುಳಿಯಾದರೆ ಬಿ-12 ಬರುತ್ತದೆ, ಅಂಬಲಿಯಲ್ಲಿದೆ, ಸ್ಪಿರುಲಿನಾ ಪುಡಿಯಲ್ಲಿದೆ ಎಂದೆಲ್ಲ ಮೊಬೈಲಿನಲ್ಲಿ ಓಡಾಡುತ್ತದೆ. ನಂಬಬೇಡಿ. ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಾಗಿ ಬಿ-12 ಥರ ಕಾಣುವ, ನಮ್ಮ ದೇಹಕ್ಕೆ ಉಪಯೋಗವಿಲ್ಲದ ವಸ್ತು.

ಹಾಗಾದರೆ ನಿಮ್ಮ ಮನೆಗೆ ಇರುವ ದಾರಿ ಹಾಲು, ಮೊಸರು, ಮಜ್ಜಿಗೆ. ಎರಡು ಎಮ್ಮೆ ಇವೆ ಅಂದಿರಿ. ಆದರೆ ಹಾಲು ಡೇರಿಗೆ ಹೋಗುತ್ತದೆ. ಇದು ನಿಮ್ಮೊಬ್ಬರ ಮನೆಯ ಕತೆ ಅಲ್ಲ. ಬೆಳಗಿನ ಕ್ಯಾನು ತುಂಬಿದ ಮೇಲೆ ಚಹಾಕ್ಕೆ ಒಂದಿಷ್ಟು ಉಳಿಯುತ್ತದೆ. ಅದರಲ್ಲಿ ಮಕ್ಕಳಿಗೆ, ಗಂಡಸರಿಗೆ ಮೊದಲು. ಅವ್ವ ಕೊನೆಗೆ ಉಣ್ಣುವವಳು, ಆಕೆಯ ತಾಟಿಗೆ ಮೊಸರು ಬರುವ ಹೊತ್ತಿಗೆ ಗಡಿಗೆ ಖಾಲಿ. ಮಾಂಸ ತಿನ್ನುವ ಮನೆಗಳಲ್ಲೂ ಹೆಂಗಸರಿಗೆ ಸಿಗುವುದು ತಿಂಗಳಿಗೊಮ್ಮೆ, ಅದೂ ರಸವೇ ಹೆಚ್ಚು. ಬಡತನ ಇಲ್ಲದ ಮನೆಯಲ್ಲೂ ಬಿ-12 ಕೊರತೆ ಬರುವುದು ಹೀಗೆ.

ಲೆಕ್ಕ ಹಾಕೋಣ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 2ರಿಂದ 2.5 ಮೈಕ್ರೋಗ್ರಾಂ ಬಿ-12. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ. ಬೇಕಾಗುವುದು ಅಷ್ಟೇ ಕಡಿಮೆ. ಆದರೆ 200 ಮಿಲಿಯ ಒಂದು ಲೋಟ ಕಾಯಿಸಿದ ಹಾಲಿನಿಂದ ಸಿಗುವುದು ಅಂದಾಜು ಅರ್ಧದಿಂದ ಮುಕ್ಕಾಲು ಮೈಕ್ರೋಗ್ರಾಂ. ಹಾಲನ್ನು ಮತ್ತೆಮತ್ತೆ ಬಹಳ ಹೊತ್ತು ಕುದಿಸಿದರೆ ಇನ್ನೂ ಕಡಿಮೆಯಾಗುತ್ತದೆ. ಒಂದು ಕಪ್ ಚಹಾದಲ್ಲಿರುವ ನಾಲ್ಕು ಚಮಚ ಹಾಲಿನಿಂದ ಏನೂ ಆಗದು. ಅಂದರೆ ಸಸ್ಯಾಹಾರಿ ಅವ್ವನಿಗೆ ದಿನಕ್ಕೆ ಹಾಲು, ಮೊಸರು ಎಲ್ಲ ಸೇರಿ ಅರ್ಧ ಲೀಟರಿನ ಮೇಲೆ ಬೇಕು. ನಿಮ್ಮ ಮನೆಯಲ್ಲಿ ಆಕೆಗೆ ಎಷ್ಟು ಸಿಗುತ್ತದೆ, ನೀವೇ ನೋಡಿ.

ಇನ್ನೊಂದು ವಿಷಯ. ನಮ್ಮ ಪಿತ್ತಜನಕಾಂಗ ಬಿ-12 ಅನ್ನು ಕೂಡಿಟ್ಟುಕೊಳ್ಳುತ್ತದೆ. ಚೆನ್ನಾಗಿ ತುಂಬಿದ್ದರೆ ಎರಡರಿಂದ ಐದು ವರ್ಷ ಅದರಲ್ಲೇ ನಡೆಯುತ್ತದೆ. ಆದ್ದರಿಂದ ಕೊರತೆ ಒಂದೇ ದಿನ ಕಾಣಿಸಿಕೊಳ್ಳುವುದಿಲ್ಲ. ವರ್ಷಗಳ ಕಾಲ ಒಳಗೊಳಗೇ ಖಾಲಿಯಾಗಿ, ಆಮೇಲೆ ಸುಸ್ತು, ಜುಮುಜುಮು, ಮರೆವು, ಸಿಡುಕು ಶುರುವಾಗುತ್ತದೆ. ವಯಸ್ಸಾದಂತೆ ಹೊಟ್ಟೆಯ ಆಮ್ಲ ಕಡಿಮೆಯಾಗಿ, ತಿಂದದ್ದರಿಂದ ಬಿ-12 ಬಿಡಿಸಿಕೊಳ್ಳುವುದೂ ಕಷ್ಟವಾಗುತ್ತದೆ. ‘ವಯಸ್ಸಾಯಿತು, ಹೀಗೇ’ ಎಂದು ಬಿಟ್ಟುಬಿಟ್ಟ ಎಷ್ಟೋ ಅಜ್ಜಿಯರ ಕಷ್ಟ ಮಾತ್ರೆಯಿಂದ ಹೋಗುವಂಥದ್ದು.

ಇದು ದೊಡ್ಡವರ ಸಮಸ್ಯೆ ಮಾತ್ರ ಅಲ್ಲ. 2016ರಿಂದ 2018ರವರೆಗೆ ಕೇಂದ್ರ ಸರ್ಕಾರ ದೇಶದ ಮಕ್ಕಳ ರಕ್ತ ಪರೀಕ್ಷಿಸಿ ಒಂದು ದೊಡ್ಡ ಪೋಷಣೆ ಸಮೀಕ್ಷೆ ಮಾಡಿತು. 10ರಿಂದ 19 ವರ್ಷದವರಲ್ಲಿ ನೂರಕ್ಕೆ 31 ಮಂದಿಗೆ ಬಿ-12 ಕೊರತೆ, 37 ಮಂದಿಗೆ ಫೋಲೇಟ್ ಎಂಬ ಇನ್ನೊಂದು ವಿಟಮಿನ್ನಿನ ಕೊರತೆ ಇತ್ತು. ಮುಂದೆ ತಾಯಂದಿರಾಗುವ ಹುಡುಗಿಯರೂ ಆ ಲೆಕ್ಕದಲ್ಲಿದ್ದಾರೆ.

ಈಗ ಆ ಕಬ್ಬಿಣದ ಮಾತ್ರೆ. ಸರ್ಕಾರ ಕೊಡುವ ಮಾತ್ರೆಯಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಇರುತ್ತವೆ, ಬಿ-12 ಇರುವುದಿಲ್ಲ. ಫೋಲಿಕ್ ಆಸಿಡ್ ಅಂದರೆ ಮಾತ್ರೆಯ ರೂಪದ ಫೋಲೇಟ್, ಅದೂ ಬಿ ಗುಂಪಿನದೇ. ಇದರ ಕತೆಗೆ ನಮ್ಮ ದೇಶದ ನಂಟಿದೆ. 1928ರ ಸುಮಾರಿಗೆ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬೈಗೆ ಬಂದರು. ಅಲ್ಲಿನ ಬಟ್ಟೆ ಗಿರಣಿ ಕೆಲಸದ ಬಡ ಬಸುರಿಯರಲ್ಲಿ ಒಂದು ಬಗೆಯ ತೀವ್ರ ರಕ್ತಹೀನತೆ ಇತ್ತು. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸು ಕೊಟ್ಟಾಗ ಅವರು ಚೇತರಿಸಿಕೊಂಡರು. ಅದರಲ್ಲಿದ್ದ ಗುಣಕಾರಿ ವಸ್ತುವೇ ಮುಂದೆ ಫೋಲೇಟ್ ಎಂದು ತಿಳಿಯಿತು. ಇಂದು ಪ್ರತಿ ಬಸುರಿಗೂ ಕೊಡುವ ಮಾತ್ರೆಯ ಹಿಂದೆ ಆ ಗಿರಣಿ ಹೆಂಗಸರಿದ್ದಾರೆ.

ಆದರೆ ಫೋಲಿಕ್ ಆಸಿಡ್‌ನಲ್ಲಿ ಒಂದು ಎಚ್ಚರಿಕೆ ಇದೆ. ಬಿ-12 ಕಡಿಮೆ ಇರುವವರಿಗೆ ಅದೊಂದನ್ನೇ ಜಾಸ್ತಿ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರದ ಹಾನಿ ಮಾತ್ರ ಒಳಗೆ ಮುಂದುವರಿಯುತ್ತದೆ. ಹಾಗಾಗಿ ಪಾದ ಜುಮುಜುಮು ಅನ್ನುವವರಿಗೆ ಬಿ-12 ನೋಡದೆ ಬರೀ ಕಬ್ಬಿಣ–ಫೋಲಿಕ್ ಮಾತ್ರೆಯ ಮೇಲೆ ವರ್ಷ ಕಳೆಯಬಾರದು. ತಂಗಿ ಈ ಮಾತು ಓದಿ ತನ್ನ ಮಾತ್ರೆ ನಿಲ್ಲಿಸಬಾರದು. ಅದು ಆಕೆಗೆ ಬೇಕೇ ಬೇಕು.

ಗ್ಲೂಕೋಸ್ ಬಾಟ್ಲಿಯ ಬಗ್ಗೆ ನೇರವಾಗಿ ಹೇಳುತ್ತೇನೆ. 500 ಮಿಲಿಯ 5 ಪರ್ಸೆಂಟ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಐದಾರು ಚಮಚ ಸಕ್ಕರೆಯಷ್ಟು. ಸಕ್ಕರೆ ಕಾಯಿಲೆ ಇರುವ ಅವ್ವನಿಗೆ ಅದನ್ನು ಸುಸ್ತಿಗೆಂದು ಏರಿಸುವುದು ತಪ್ಪು. ವಾಂತಿ ಭೇದಿಯಾಗಿ ಬಾಯಿಂದ ಏನೂ ಹೋಗದಿದ್ದಾಗ ಬಾಟ್ಲಿ ಜೀವ ಉಳಿಸುತ್ತದೆ. ಬರೀ ಸುಸ್ತಿಗೆ ಅದರಿಂದ ಉಪಯೋಗವಿಲ್ಲ. ದಿನಾ ಕುಡಿಯುವ ಗಂಡಸರಿಗಂತೂ ಅಪಾಯ ಇದೆ. ಅವರಲ್ಲಿ ಬಿ-1 ತುಂಬಾ ಕಡಿಮೆ ಇರುತ್ತದೆ. ಬಿ-1 ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಹಾನಿಯಾಗಬಹುದು. ನಿಮ್ಮ ಊರಲ್ಲಿ ಅಂಥವರಿದ್ದರೆ ಈ ಮಾತು ಅವರ ಮನೆಗೂ ಮುಟ್ಟಿಸಿ.

ಕೆಂಪು ಇಂಜೆಕ್ಷನ್ ಮಾತ್ರ ಬೇರೆ. ಬಿ-12ರ ಬಣ್ಣವೇ ಕೆಂಪು. ಆ ಸೂಜಿಯಲ್ಲಿ ಬಿ-12 ಇದ್ದಿರಬಹುದು. ನಾಲ್ಕು ದಿನ ಚಲೋ ಅನ್ನಿಸುವುದಕ್ಕೆ ಅದೂ ಕಾರಣ ಇರಬಹುದು. ಹಾಗಿದ್ದರೆ ತೊಂದರೆ ಏನು? ಖಾಲಿಯಾದ ದಾಸ್ತಾನು ತುಂಬಲು ಒಂದು ಕ್ರಮ ಇದೆ. ಮೊದಲ ಒಂದೆರಡು ವಾರ ದಿನವೋ ದಿನ ಬಿಟ್ಟು ದಿನವೋ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಬಹಳ ಸುಸ್ತಾದಾಗ ಹೋಗಿ ಒಂದು ಚುಚ್ಚಿಸಿಕೊಂಡು ಬಂದರೆ ಸಾಲದು. ಜೊತೆಗೆ, ಎಷ್ಟೋ ಇಂಜೆಕ್ಷನ್ನುಗಳಲ್ಲಿ, ಮಾತ್ರೆಗಳಲ್ಲಿ ಬಿ-6 ಕೂಡ ಇರುತ್ತದೆ. ದೊಡ್ಡ ಪ್ರಮಾಣದಲ್ಲಿ ಬಹಳ ಕಾಲ ತಗೊಂಡರೆ ಬಿ-6 ತಾನೇ ನರಕ್ಕೆ ಪೆಟ್ಟು ಕೊಟ್ಟು ಜೋಮು ತರುತ್ತದೆ. ಯಾವ ಔಷಧಿ, ಎಷ್ಟು ಸಲ ಕೊಟ್ಟರು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಕೇಳುವ ಹಕ್ಕು ನಿಮಗಿದೆ.

ಪರೀಕ್ಷೆ ಹೀಗೆ. ಒಂದು, ರಕ್ತದ ಪೂರ್ತಿ ಎಣಿಕೆ, ಅಂದರೆ ಸಿಬಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗುತ್ತದೆ. ಅದರಲ್ಲಿ ಹಿಮೋಗ್ಲೋಬಿನ್ ಮಾತ್ರ ನೋಡಿ ಮಡಚಿಡಬೇಡಿ. ಎಂಸಿವಿ ಎಂದು ಒಂದು ಸಾಲು ಇರುತ್ತದೆ, ಕೆಂಪು ರಕ್ತಕಣದ ಗಾತ್ರ ಅದು. 80ರಿಂದ 100ರ ನಡುವೆ ಇದ್ದರೆ ಸರಿ. ಕಬ್ಬಿಣ ಕಡಿಮೆಯಾದರೆ ಕಣ ಸಣ್ಣದಾಗುತ್ತದೆ, ಬಿ-12 ಅಥವಾ ಫೋಲೇಟ್ ಕಡಿಮೆಯಾದರೆ ದೊಡ್ಡದಾಗುತ್ತದೆ. ಆದರೆ ಎರಡೂ ಕಡಿಮೆ ಇದ್ದರೆ ಒಂದು ಮೇಲೆ ಎಳೆದು ಇನ್ನೊಂದು ಕೆಳಗೆ ಎಳೆದು ನಡುವಿನ ಅಂಕಿ ಬರುತ್ತದೆ! ನಮ್ಮ ಹಳ್ಳಿಯ ಹೆಂಗಸರಲ್ಲಿ ಇದು ಅಪರೂಪ ಅಲ್ಲ. ಅದಕ್ಕೇ ಎರಡನೆಯ ಪರೀಕ್ಷೆ, ರಕ್ತದ ಬಿ-12 ಮಟ್ಟ. ಸಾಮಾನ್ಯವಾಗಿ 200ಕ್ಕಿಂತ (ರಿಪೋರ್ಟಿನಲ್ಲಿ pg/mL ಲೆಕ್ಕ) ಕೆಳಗಿದ್ದರೆ ಕೊರತೆ ಎನ್ನುತ್ತೇವೆ. 200ರಿಂದ 300ರವರೆಗೆ ಅನುಮಾನದ ಜಾಗ, ಅಲ್ಲಿ ಲಕ್ಷಣ ನೋಡಿ ತೀರ್ಮಾನಿಸಬೇಕು. ಇಂಜೆಕ್ಷನ್ ತಗೊಂಡ ಮೇಲೆ ಈ ಅಂಕಿ ಏರಿರುತ್ತದೆ, ನಂಬುವ ಹಾಗಿಲ್ಲ. ಆದ್ದರಿಂದ ಮುಂದಿನ ಸೂಜಿಗೆ ಮೊದಲು ರಕ್ತ ಕೊಡಿ. ಈಗಾಗಲೇ ಈಚೆಗೆ ತಗೊಂಡಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಜೊತೆಗೆ ಸಕ್ಕರೆ, ಥೈರಾಯ್ಡ್ ನೋಡಿಸಿ.

ಬಿ-12 ಕೊರತೆಯೇ ಎಂದಾದರೆ ಊಟದಿಂದ ಮಾತ್ರ ಸರಿಹೋಗುವುದಿಲ್ಲ. ನರದ ಲಕ್ಷಣ ಇರುವುದರಿಂದ ಮೊದಲು ಇಂಜೆಕ್ಷನ್ ಕೋರ್ಸ್ ಕೊಡಬಹುದು. ಆಮೇಲೆ ಮಾತ್ರೆ ಸಾಕು. ಸೂಜಿ ಚುಚ್ಚಿದರೇ ಗುಣ ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ 1,000 ಮೈಕ್ರೋಗ್ರಾಂ ಮಾತ್ರೆ ನುಂಗಿದರೆ ಕರುಳಿನಲ್ಲಿ ತೊಂದರೆ ಇದ್ದರೂ ನೂರಕ್ಕೆ ಒಂದು ಪಾಲಿನಷ್ಟು ತಾನಾಗಿಯೇ ರಕ್ತಕ್ಕೆ ಸೇರುತ್ತದೆ. ಅಂದರೆ 10 ಮೈಕ್ರೋಗ್ರಾಂ, ದಿನದ ಅಗತ್ಯಕ್ಕಿಂತ ಹೆಚ್ಚು. ಸುಸ್ತು ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಪಾದದ ಜೋಮು ಇಳಿಯಲು ತಿಂಗಳುಗಳು ಬೇಕು. ಬಹಳ ತಡವಾಗಿದ್ದರೆ ಸ್ವಲ್ಪ ಉಳಿದೇಬಿಡಬಹುದು, ಇನ್ನೂ ತಡ ಮಾಡಬೇಡಿ ಅನ್ನುವುದು ಅದಕ್ಕೇ. ಮೆಟ್‌ಫಾರ್ಮಿನ್ ಇರುವವರೆಗೂ ಬಿ-12 ಮಾತ್ರೆ ಬೇಕಾಗಬಹುದು.

ನೀವು ಮೊಟ್ಟೆ ತಿನ್ನುವವರಲ್ಲ. ತಿನ್ನಿ ಎಂದು ನಾನು ಹೇಳುವುದೂ ಇಲ್ಲ. ಮಾತ್ರೆಯಲ್ಲಿರುವ ಬಿ-12 ಪ್ರಾಣಿಗಳಿಂದ ತೆಗೆದದ್ದಲ್ಲ, ಬ್ಯಾಕ್ಟೀರಿಯಾ ಬೆಳೆಸಿ ತಯಾರಿಸಿದ್ದು. ಕ್ಯಾಪ್ಸೂಲಿನ ಹೊದಿಕೆ ಜಿಲೆಟಿನ್‌ದು ಇರಬಹುದು, ಹಾಗಾಗಿ ಅಂಗಡಿಯಲ್ಲಿ ಮಾತ್ರೆಯನ್ನೇ ಕೇಳಿ.

ತಂಗಿಯ ವಿಷಯ ನನಗೆ ಅವ್ವನಷ್ಟೇ ಮುಖ್ಯ. ಆಕೆಯೂ ಅದೇ ಅಡುಗೆಮನೆಯಲ್ಲಿ ಬೆಳೆದವಳು. ತಾಯಿಯಲ್ಲಿ ಬಿ-12 ಕಡಿಮೆ ಇದ್ದರೆ ಮಗುವಿನ ದಾಸ್ತಾನೂ ಕಡಿಮೆ, ಎದೆಹಾಲಿನಲ್ಲೂ ಕಡಿಮೆ. ಹುಟ್ಟಿದಾಗ ಮಗು ಚೆನ್ನಾಗಿಯೇ ಇರುತ್ತದೆ. ಆರು ತಿಂಗಳು, ಎಂಟು ತಿಂಗಳ ಹೊತ್ತಿಗೆ ಬಿಳಿಚಿಕೊಳ್ಳುತ್ತದೆ, ಗೆಣ್ಣು ಕಪ್ಪಾಗುತ್ತದೆ, ಕೂದಲು ತೆಳ್ಳಗೆ ಕಂದಾಗುತ್ತದೆ. ನಗುತ್ತಿದ್ದದ್ದು ನಗುವುದಿಲ್ಲ. ಕತ್ತು ನಿಂತಿದ್ದದ್ದು ಮತ್ತೆ ಜೋಲುತ್ತದೆ. ಕೆಲವು ಮಕ್ಕಳಿಗೆ ಕೈ, ತಲೆ ನಡುಗಲು ಶುರುವಾಗುತ್ತದೆ. ಮನೆಯವರು ದೃಷ್ಟಿಯಾಗಿದೆ, ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿ ವಾರಗಳನ್ನು ಕಳೆಯುತ್ತಾರೆ. ಬಿ-12 ಕೊಟ್ಟ ಮೇಲೆ ಮಗು ಮತ್ತೆ ಮುಖ ನೋಡಿ ನಗಲು ಶುರುಮಾಡುತ್ತದೆ. ಆದರೆ ತಡವಾದರೆ ಬುದ್ಧಿಯ ಬೆಳವಣಿಗೆ ಹಿಂದೆ ಬೀಳುವ ಭಯ ಇದೆ. ಇದನ್ನು ತಡೆಯಲು ತಂಗಿಗೆ ಈಗಲೇ ಬಿ-12 ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಮಾತ್ರೆ ಕೊಡಿಸಿ. ಎದೆಹಾಲು ನಿಲ್ಲಿಸುವ ಮಾತೇ ಇಲ್ಲ. ತಾಯಿಗೆ ಬಿ-12 ಸಿಕ್ಕರೆ ಹಾಲಿಗೂ ಬರುತ್ತದೆ.

ಸರ್ಕಾರಿ ಆಸ್ಪತ್ರೆಯ ಕಬ್ಬಿಣ–ಫೋಲಿಕ್ ಮಾತ್ರೆ ಬಸುರಿನಲ್ಲಿ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಮೇಲೆ ಮತ್ತೆ 180 ದಿನ. ಚಹಾ ಕುಡಿದ ಕೂಡಲೇ ನುಂಗಬಾರದು, ಚಹಾ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ. ಲಿಂಬೆಹಣ್ಣಿನ ನೀರಿನ ಜೊತೆ ತಗೊಂಡರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟ, ಹಾಲು ಆಕೆಗೆ ಸಲ್ಲಬೇಕಾದದ್ದು, ನಾಚಿಕೆಯಿಂದ ಬಿಡಬಾರದು. ನಿಮ್ಮ ಮನೆಯಲ್ಲಿ ಮದುವೆಯಾಗಿ ಮಗು ಬಯಸುವವರು ಬೇರೆ ಯಾರಾದರೂ ಇದ್ದರೆ ಬಸುರಾಗುವ ಮೊದಲೇ ಫೋಲಿಕ್ ಆಸಿಡ್ ಶುರುಮಾಡಬೇಕು. ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಮೊದಲ 28 ದಿನದಲ್ಲೇ. ಆಗ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂದೇ ಗೊತ್ತಿರುವುದಿಲ್ಲ.

ಮಕ್ಕಳ ಬಾಯಿ ಮೂಲೆ ಒಡೆಯುವುದು ಹೆಚ್ಚಾಗಿ ಬಿ-2 ಕೊರತೆಯಿಂದ. ಕಬ್ಬಿಣ ಕಡಿಮೆಯಾದರೂ ಆಗುತ್ತದೆ. ಬಿ-2 ಹಾಲು, ಮೊಸರು, ಸೊಪ್ಪಿನಲ್ಲಿದೆ. ಇಲ್ಲೂ ಹಾಲೇ ಬಂತು, ನೋಡಿ. 7 ವರ್ಷದವನಿಗೆ ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಇದೆ. 2013ರಿಂದ ನಡೆಯುತ್ತಿರುವ ಯೋಜನೆ ಅದು, 150 ಮಿಲಿ ಹಾಲು. ಪುಡಿ ಹಾಲಿನ ವಾಸನೆ ಎಂದು ಮಕ್ಕಳು ಚೆಲ್ಲುವುದುಂಟು, ಹಾಗೆ ಮಾಡದಂತೆ ಹೇಳಿ. ಶಾಲೆಯಲ್ಲಿ ಮೊಟ್ಟೆ ಬೇಡ ಅನ್ನುವ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಅದು ಒಳ್ಳೆಯದೇ, ಆದರೆ ಅದರಲ್ಲಿ ಬಿ-12 ಇಲ್ಲ. ನಿಮ್ಮ ಮನೆಯ ಮಗು ಆ ಹಾಲನ್ನು ಬಿಡಲೇಬಾರದು.

ಮೂರು ವರ್ಷದ ಮಗುವಿಗೆ ವಿಟಮಿನ್ ಎ ಹನಿ ಸರಿಯಾಗಿ ಬಿದ್ದಿದೆಯೇ ಎಂದು ತಾಯಿ ಕಾರ್ಡ್ ನೋಡಿ. ಮೊದಲ ಡೋಸ್ 9 ತಿಂಗಳಿಗೆ, ಆಮೇಲೆ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಒಟ್ಟು 9 ಡೋಸ್. ನಮ್ಮ ದೇಶದಲ್ಲಿ ಈ ಕಾರ್ಯಕ್ರಮ 1970ರಲ್ಲಿ ಶುರುವಾಯಿತು. ಆಗ ಎ ಕೊರತೆಯಿಂದ ಮಕ್ಕಳ ಕಣ್ಣೇ ಹೋಗುತ್ತಿತ್ತು. ಸಂಜೆಯಾದ ಮೇಲೆ ಮಗು ತಡಕಾಡಿದರೆ, ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಮಚ್ಚೆ ಕಂಡರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಎ ವಿಷಯದಲ್ಲಿ ನಿಮ್ಮ ಹಿತ್ತಲೇ ಸಾಕು. ನುಗ್ಗೆ ಸೊಪ್ಪು, ಮೆಂತ್ಯ, ರಾಜಗಿರಿ, ಪಪ್ಪಾಯಿ, ಕುಂಬಳ ಎಲ್ಲದರಲ್ಲೂ ಅದರ ಮೂಲವಸ್ತು ಇದೆ. ಪಲ್ಯಕ್ಕೆ ಎಣ್ಣೆಯೋ ತುಪ್ಪವೋ ಸ್ವಲ್ಪ ಬೀಳಲಿ, ಜಿಡ್ಡಿಲ್ಲದೆ ಎ ಒಳಗೆ ಸೇರುವುದಿಲ್ಲ.

ಈಗ ನಿಮ್ಮ ಜೋಳದ ರೊಟ್ಟಿ. ಇದರ ಬಗ್ಗೆ ಒಂದು ಹಳೆಯ ಕತೆ ಹೇಳಲೇಬೇಕು. ನಿಮ್ಮ ಜಿಲ್ಲೆ ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ದಖ್ಖನ್ ಸೀಮೆಯಲ್ಲಿ ಜೋಳ ತಿನ್ನುವ ಬಡ ಕೂಲಿಕಾರರಲ್ಲಿ ಪೆಲಾಗ್ರ ಎಂಬ ಕಾಯಿಲೆ ಇತ್ತು. ಬಿಸಿಲು ಬೀಳುವ ಕಡೆ, ಅಂದರೆ ಕತ್ತಿನ ಸುತ್ತ, ಕೈ, ಕಾಲಿನ ಮೇಲೆ, ಚರ್ಮ ಸುಟ್ಟಂತೆ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ. ಇದು ನಿಯಾಸಿನ್, ಅಂದರೆ ಬಿ-3 ಕೊರತೆ. ಹೈದರಾಬಾದಿನ ಪೋಷಣಾ ಸಂಸ್ಥೆಯಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಇದನ್ನು ಅಧ್ಯಯನ ಮಾಡಿ, ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಂಶ ಜಾಸ್ತಿ ಇರುವುದೇ ಇದಕ್ಕೆ ಕಾರಣ ಎಂದು 1960ರಲ್ಲಿ ಬರೆದರು. ಆ ಕಾರಣವನ್ನು ಎಲ್ಲ ವಿಜ್ಞಾನಿಗಳೂ ಒಪ್ಪಲಿಲ್ಲ. ಒಂದು ಮಾತಂತೂ ನಿಜ. ಆ ಕೂಲಿಕಾರರು ಉಣ್ಣುತ್ತಿದ್ದದ್ದು ಬಹುಪಾಲು ಜೋಳವೊಂದನ್ನೇ. ಮುಂದೆ ಬೇರೆ ಧಾನ್ಯ, ಬೇರೆ ಪದಾರ್ಥ ತಾಟಿಗೆ ಬಂದ ಮೇಲೆ ಕಾಯಿಲೆ ಇಳಿಯಿತು. ಇಂದು ಪೆಲಾಗ್ರ ಕಾಣುವುದು ಹೆಚ್ಚಾಗಿ ಊಟ ಬಿಟ್ಟು ಕುಡಿಯುವವರಲ್ಲಿ.

ಆದ್ದರಿಂದ ಜೋಳ ಕೆಟ್ಟದ್ದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ರೊಟ್ಟಿಯ ಜೊತೆ ಏನಿದೆ ಅನ್ನುವುದು ಮುಖ್ಯ. ನಮ್ಮ ಹಿರಿಯರ ತಾಟಿನಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ, ಮೊಳಕೆ ಮಡಕಿಕಾಳಿನ ಪಲ್ಯ, ಮೊಸರು ಇರುತ್ತಿದ್ದವು. ಶೇಂಗಾದಲ್ಲಿ ನಿಯಾಸಿನ್ ಹೇರಳ. ಹಸಿ ಸೊಪ್ಪಿನಲ್ಲಿ ಫೋಲೇಟ್, ಸಿ ಎರಡೂ ಇವೆ. ಈಗ ಹೊಲದಲ್ಲಿ ಹತ್ತಿ, ತೊಗರಿ ಒಂದೊಂದೇ ಬೆಳೆ ಬಂದ ಮೇಲೆ ಅಕ್ಕಡಿ ಸಾಲಿನ ಗುರೆಳ್ಳು, ಮಡಕಿ, ಬದುವಿನ ಸೊಪ್ಪು ಕಡಿಮೆಯಾಗಿವೆ. ಕಳೆನಾಶಕ ಹೊಡೆದ ಹೊಲದಲ್ಲಿ ಹಕ್ಕರಕಿ ಎಲ್ಲಿ ಹುಟ್ಟಬೇಕು? ಊಟ ಹೊಟ್ಟೆ ತುಂಬುತ್ತದೆ, ತಾಟು ಮಾತ್ರ ಕಿರಿದಾಗಿದೆ.

ಅಡುಗೆಯಲ್ಲಿ ಒಂದೆರಡು ಮಾತು ಸಾಕು. ಸೊಪ್ಪನ್ನು ತೊಳೆದು ಹೆಚ್ಚಿ, ಹೆಚ್ಚಿ ತೊಳೆಯಬೇಡಿ. ಕಾಳು, ಬೇಳೆ ಬೇಯಲು ಸೋಡಾ ಹಾಕಿದರೆ ಬಿ-1 ನಾಶವಾಗುತ್ತದೆ. ಬೇಯಿಸಿದ ನೀರು ಚೆಲ್ಲಬಾರದು. ನಿಮ್ಮ ಕಡೆಯ ಕಟ್ಟಿನ ಸಾರು, ಮೈಸೂರು ಕಡೆಯ ಬಸ್ಸಾರು ಎರಡೂ ಆ ನೀರನ್ನು ಉಳಿಸುವ ಒಳ್ಳೆಯ ಅಡುಗೆಗಳು.

ರೇಷನ್ ಅಕ್ಕಿಯಲ್ಲಿ ಬೇರೆ ಥರ ಕಾಣುವ, ನೀರಲ್ಲಿ ತೇಲುವ ಕಾಳು ಇವೆಯಲ್ಲ, ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆಯುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ-12 ಸೇರಿಸಿ ಕಾಳಿನ ಆಕಾರ ಕೊಟ್ಟದ್ದು. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಕಿಲೋ ಅಕ್ಕಿಗೆ ಬಿ-12 ಸುಮಾರು 0.75ರಿಂದ 1.25 ಮೈಕ್ರೋಗ್ರಾಂ ಇರಬೇಕು ಎಂದು ನಿಯಮ. ಅಷ್ಟರಿಂದ ನಿಮ್ಮ ಅವ್ವನ ಕೊರತೆ ನೀಗದು, ಆದರೂ ಎಸೆಯುವುದು ನಷ್ಟ. ಗಂಜಿ ಬಸಿದು ಚೆಲ್ಲಿದರೆ ಅದೂ ಹೋಗುತ್ತದೆ. ಮನೆಯಲ್ಲಿ ಯಾರಿಗಾದರೂ ಸಿಕಲ್ ಸೆಲ್ ಅಥವಾ ಥಲಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದ್ದರೆ ಮಾತ್ರ ಕಬ್ಬಿಣ ಸೇರಿದ ಯಾವುದನ್ನೇ ಆಗಲಿ ಡಾಕ್ಟರನ್ನು ಕೇಳಿ ತಗೊಳ್ಳಿ.

ಎಮ್ಮೆಯ ಹಾಲಿನ ಬಗ್ಗೆ ಕೊನೆಗೆ ಒಂದು ಸಲಹೆ. ಡೇರಿ ದುಡ್ಡು ಮನೆಗೆ ಬೇಕು, ಗೊತ್ತು. ದಿನಾ ಕ್ಯಾನಿಗೆ ಸುರಿಯುವ ಮೊದಲು ಒಂದು ಲೀಟರ್ ಮನೆಗೆ ತೆಗೆದಿಡಿ. ಅದರಲ್ಲಿ ಅವ್ವನ ಪಾಲು, ಬಸುರಿಯ ಪಾಲು ಮೊದಲೇ ಬೇರೆ ಪಾತ್ರೆಗೆ ಹೋಗಲಿ. ಎಲ್ಲರಿಗೂ ಬಡಿಸಿದ ಮೇಲೆ ಉಳಿದರೆ ಎಂದು ಬಿಟ್ಟರೆ ಉಳಿಯುವುದಿಲ್ಲ.

ಈ ವಾರದಲ್ಲೇ ರಕ್ತ ಕೊಡಿಸಿ. ಅಷ್ಟರಲ್ಲಿ ಅವ್ವ ಕತ್ತಲಲ್ಲಿ ನಡೆಯುವಾಗ ತೂರಾಡಿದರೆ, ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗದಿದ್ದರೆ, ಕಾಲಿನ ಬಲ ಕಡಿಮೆಯಾದರೆ, ಮಲಗಿದಾಗಲೂ ಏದುಸಿರು ಬಂದರೆ ಪರೀಕ್ಷೆಯ ರಿಪೋರ್ಟಿಗೆ ಕಾಯಬೇಡಿ. ನೇರವಾಗಿ ಜಿಲ್ಲಾ ಆಸ್ಪತ್ರೆಯ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಹೋಗುವಾಗ ಹಳೆಯ ಚೀಟಿಗಳು, ಖಾಲಿ ಮಾತ್ರೆ ಪಟ್ಟಿಗಳು, ಮೆಟ್‌ಫಾರ್ಮಿನ್ ಎಷ್ಟು ಮಿಲಿಗ್ರಾಂ ಅನ್ನುವುದು ಎಲ್ಲ ಕೈಯಲ್ಲಿರಲಿ.